ಬಿಳಿ ನೆಲದ ಮೇಲೆ ಕಪ್ಪು ಗೆರೆ

ಮನುಷ್ಯ ಮೋಟಾರು ಗಾಡಿ ಕಟ್ಟಿ ವೇಗದ ದಾಖಲೆಗಾಗಿ ಹೊರಟ ಕಾಲದಲ್ಲಿ ಅವನಿಗೆ ದಾರಿ ತೋರಿಸಬೇಕಾದವರು ಯಾರೂ ಇರಲಿಲ್ಲ. ದಾರಿಯೇ ದಾರಿ ತೋರಿಸುತ್ತಿತ್ತು. 1898ರ ಡಿಸೆಂಬರ್ 18ರಂದು ಪ್ಯಾರಿಸ್ ಸಮೀಪದ ಅಶೇರ್ ಎಂಬಲ್ಲಿ ಕೌಂಟ್ ಗಾಸ್ತೋಂ ದ ಶಾಸ್ಲೂ-ಲೋಬಾ ವಿದ್ಯುತ್ ಗಾಡಿಯನ್ನು ಗಂಟೆಗೆ 63 ಕಿ.ಮೀ. ವೇಗದಲ್ಲಿ ಓಡಿಸಿ ಮೊದಲ ದಾಖಲೆ ಬರೆದ. ಮರುವರ್ಷದ ಏಪ್ರಿಲ್ 29ರಂದು ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಅಲ್ಲಿಯೇ ನೂರರ ಗಡಿ ದಾಟಿ 105.88ಕ್ಕೆ ಮುಟ್ಟಿದ. ಇಬ್ಬರೂ ಓಡಿದ್ದು ಸಾಮಾನ್ಯ ರಸ್ತೆಯ ಮೇಲೆ. ಆ ರಸ್ತೆಗೆ ಎಡ ಬಲದ ಅಂಚುಗಳಿದ್ದವು, ಚಾಲಕನ ಕಣ್ಣಿಗೆ ಆಧಾರವಾಗಲು ಅಷ್ಟು ಸಾಕಾಗಿತ್ತು.

ವೇಗ ಹೆಚ್ಚಿದಂತೆ ರಸ್ತೆ ಸಾಲದಾಯಿತು. ಕಾರುಗಳಿಗೆ ಉದ್ದ ಬೇಕು, ಅಗಲ ಬೇಕು, ಏರುತಗ್ಗಿಲ್ಲದ ನೆಲ ಬೇಕು. ಅಂಥ ನೆಲ ಹುಡುಕುತ್ತ ಹೋದವರು ಮೊದಲು ಕಡಲ ತೀರಕ್ಕೆ ಬಂದರು, ಬಳಿಕ ಬತ್ತಿದ ಕೆರೆಗಳ ತಳಕ್ಕೆ, ಉಪ್ಪಿನ ಬಯಲಿಗೆ, ಮರುಭೂಮಿಗೆ. ಪ್ರತಿ ಹೆಜ್ಜೆಗೂ ನೆಲ ಹೆಚ್ಚು ಬರಿದಾಗುತ್ತ ಹೋಯಿತು. ಬರಿದಾದ ನೆಲದಲ್ಲಿ ಕಣ್ಣಿಗೆ ಹಿಡಿತವಿಲ್ಲ. ಹೀಗಾಗಿ ಯಾವ ಗುರುತೂ ಇಲ್ಲದ ಜಾಗವನ್ನು ಅರಸಿ ಹೋದವರೇ ಅಲ್ಲಿ ತಮ್ಮ ಕೈಯಾರೆ ಗುರುತು ಹಾಕಬೇಕಾಯಿತು. ಎಂಜಿನ್ನುಗಳ ಶಕ್ತಿ, ಟೈರುಗಳ ತಾಳಿಕೆ, ಚಾಲಕರ ಎದೆಗಾರಿಕೆ ಇವುಗಳ ಬಗ್ಗೆ ಗ್ರಂಥಗಳೇ ಬಂದಿವೆ. ಆದರೆ ಎದುರಿನ ನೆಲದ ಮೇಲೆ ಎಳೆದ ಆ ಒಂದು ಗೆರೆ ಇಲ್ಲದಿದ್ದರೆ ಇವೆಲ್ಲ ಇದ್ದೂ ದಾಖಲೆ ಆಗುತ್ತಿರಲಿಲ್ಲ ಎಂಬುದು ಈ ಚರಿತ್ರೆಯನ್ನು ಓದುತ್ತ ಬಂದ ನನಗೆ ದೃಢವಾಗಿರುವ ಮಾತು.

ಕಡಲ ತೀರದ ಕಾಲ ಸುಮಾರು ಮೂರು ದಶಕ ನಡೆಯಿತು. ಅಮೆರಿಕದ ಫ್ಲಾರಿಡಾದಲ್ಲಿ ಆರ್ಮಂಡ್ ಮತ್ತು ಡೇಟೋನಾ, ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಪೆಂಡೈನ್, ಇವು ಆ ಯುಗದ ರಣರಂಗಗಳು. ಇಲ್ಲಿ ಪ್ರಕೃತಿಯೇ ಎರಡು ಅಂಚು ಕೊಟ್ಟಿತ್ತು: ಒಂದು ಕಡೆ ಅಲೆ, ಇನ್ನೊಂದು ಕಡೆ ಮರಳ ದಿಬ್ಬ. ನಡುವೆ ಇಳಿತದ ಹೊತ್ತಿನಲ್ಲಿ ಬಿಗಿಯಾಗಿ ಕೂತ ಒದ್ದೆ ಮರಳು. ಉಬ್ಬರ ಮರಳುವುದರೊಳಗೆ ಬಾವುಟ ನೆಟ್ಟು, ಅಳತೆಯ ಮೈಲಿಯನ್ನು ಸಜ್ಜುಗೊಳಿಸಿ, ಎರಡು ದಿಕ್ಕಿನಲ್ಲಿಯೂ ಓಡಿ ಮುಗಿಸಬೇಕು. 1927ರ ಮಾರ್ಚ್ 29ರಂದು ಹೆನ್ರಿ ಸೀಗ್ರೇವ್ ಡೇಟೋನಾದಲ್ಲಿ ಗಂಟೆಗೆ 203.79 ಮೈಲಿ, ಅಂದರೆ ಸುಮಾರು 328 ಕಿ.ಮೀ. ಓಡಿದಾಗ ಜಗತ್ತು ಬೆರಗಾಯಿತು. ಆದರೆ ಅಷ್ಟು ವೇಗದಲ್ಲಿ ಕಡಲು ಕೊಟ್ಟ ಅಂಚು ಸಾಕಾಗುವುದಿಲ್ಲ ಎಂಬುದು ಮರುವರ್ಷವೇ ತಿಳಿಯಿತು. 1928ರ ಫೆಬ್ರವರಿಯಲ್ಲಿ ಫ್ರಾಂಕ್ ಲಾಕ್‌ಹಾರ್ಟ್ ಎಂಬ ಅಮೆರಿಕದ ತರುಣ ತನ್ನ ಪುಟ್ಟ ಸ್ಟಟ್ಜ್ ಬ್ಲ್ಯಾಕ್ ಹಾಕ್ ಕಾರಿನಲ್ಲಿ ಅದೇ ತೀರದಲ್ಲಿ ಓಡುತ್ತಿರುವಾಗ ಎದುರಿಗೆ ಮಳೆಯ ತೆರೆ ಬಂತು. ಕಣ್ಣ ಮುಂದಿನ ನೆಲ ಮಾಯವಾಯಿತು. ಕಾರು ದಿಕ್ಕು ತಪ್ಪಿ ಉರುಳಿ ಕಡಲಿಗೆ ಬಿತ್ತು. ನೆರೆದ ಜನ ನೀರಿಗಿಳಿದು ಅವನನ್ನು ಬದುಕಿಸಿದರು. ಎರಡು ತಿಂಗಳ ಬಳಿಕ ಟೈರು ಒಡೆದು ಅವನು ಅಲ್ಲಿಯೇ ಪ್ರಾಣ ಬಿಟ್ಟ.

1929ರಲ್ಲಿ ಸೀಗ್ರೇವ್ ಮತ್ತೆ ಡೇಟೋನಾಕ್ಕೆ ಬಂದಾಗ ಅವನ ಗೋಲ್ಡನ್ ಆ್ಯರೋ ಕಾರಿನಲ್ಲಿ ವಿಶೇಷವಾದ ಒಂದು ವಸ್ತು ಇತ್ತು. ಚಾಲಕನ ಕಣ್ಣ ನೇರಕ್ಕೆ, ಬಂದೂಕಿಗೆ ಇರುವಂಥದೇ ಗುರಿನಳಿಗೆ. ದೂರದ ಗುರುತನ್ನು ಅದರಲ್ಲಿ ಹಿಡಿದಿಟ್ಟುಕೊಂಡರೆ ಕಾರು ತುಸು ವಾಲಿದರೂ ಗೊತ್ತಾಗುತ್ತದೆ. ಗದ್ದೆ ಉಳುವವನು ಸಾಲು ನೆಟ್ಟಗೆ ಬರಬೇಕೆಂದರೆ ನೇಗಿಲ ಬುಡವನ್ನು ನೋಡದೆ ಬದುವಿನಾಚೆಯ ಮರವನ್ನು ನೋಡುತ್ತಾನಲ್ಲ, ಅದೇ ವಿದ್ಯೆ ಇಲ್ಲಿ ಲೋಹದ ರೂಪ ತಾಳಿತ್ತು. ಮಾರ್ಚ್ 11ರಂದು ಸೀಗ್ರೇವ್ 231.45 ಮೈಲಿ ವೇಗದ ದಾಖಲೆ ಮಾಡಿದ. ಆ ಕಾರು ಇಂದಿಗೂ ಇಂಗ್ಲೆಂಡಿನ ಬ್ಯೂಲಿಯ ಸಂಗ್ರಹಾಲಯದಲ್ಲಿದೆ. ಅದರ ಎಂಜಿನ್ನಿನ ಮಹಿಮೆಯನ್ನು ಮಾತ್ರ ಕೇಳಿ ಮರಳುವವರೇ ಹೆಚ್ಚು. ನೋಡಬೇಕಾದದ್ದು ಆ ಗುರಿನಳಿಗೆಯನ್ನೂ. ಅಷ್ಟು ವೇಗದಲ್ಲಿ ಬರಿಗಣ್ಣಿನ ಅಂದಾಜನ್ನು ನಂಬಲಾಗದು ಎಂದು ಆ ಕಾಲ ಒಪ್ಪಿಕೊಂಡದ್ದಕ್ಕೆ ಅದು ಸಾಕ್ಷಿ.

ಅದೇ ವರ್ಷ ಸೀಗ್ರೇವನ ಎದುರಾಳಿ ಮಾಲ್ಕಂ ಕ್ಯಾಂಬೆಲ್ ಕಡಲ ಮಂಜಿನ ಕಾಟ ಬೇಡವೆಂದು ದಕ್ಷಿಣ ಆಫ್ರಿಕದ ಒಳನಾಡಿಗೆ, ವರ್ನ್ಯೂಕ್ ಪಾನ್ ಎಂಬ ಬತ್ತಿದ ಕೆರೆಯಂಗಳಕ್ಕೆ ತನ್ನ ಬ್ಲೂಬರ್ಡ್ ಕಾರನ್ನು ಕೊಂಡೊಯ್ದ. ಅಲ್ಲಿ ಮಂಜಿರಲಿಲ್ಲ. ಕಲ್ಲಿತ್ತು, ಧೂಳಿತ್ತು, ಹೊತ್ತೇರಿದರೆ ಬಿಸಿಲ್ಗುದುರೆಗಳ ಹಿಂಡಿತ್ತು. ಅವನು ಅಲ್ಲಿ ಇನ್ನೂ ಅಣಿಯಾಗುತ್ತಿರುವಾಗಲೇ ಸೀಗ್ರೇವನ ಹೊಸ ದಾಖಲೆಯ ಸುದ್ದಿ ಬಂತು. ಹೆಚ್ಚು ದೂರದ ಕೆಲವು ದಾಖಲೆಗಳನ್ನಷ್ಟೇ ಕೈಗೆ ತೆಗೆದುಕೊಂಡು ಅವನು ಮರಳಬೇಕಾಯಿತು.

ಇನ್ನು ಉಪ್ಪಿನ ಬಯಲಿನ ಕಥೆ. ಅಮೆರಿಕದ ಯೂಟಾ ರಾಜ್ಯದ ಪಶ್ಚಿಮದ ತುದಿಯಲ್ಲಿ, ವೆಂಡೋವರ್ ಎಂಬ ಊರಿನ ಮಗ್ಗುಲಲ್ಲಿ ಬಾನ್ನೆವಿಲ್ ಬಯಲು ಹರಡಿಕೊಂಡಿದೆ. ಹಿಮಯುಗದ ಮಹಾಸರೋವರವೊಂದು ಬತ್ತಿ ಉಳಿಸಿಹೋದ ಉಪ್ಪು ಅದು. ಚಳಿಗಾಲದಲ್ಲಿ ತೆಳುವಾದ ನೀರು ಅದರ ಮೇಲೆ ನಿಲ್ಲುತ್ತದೆ, ಬೇಸಗೆಯಲ್ಲಿ ಆರುತ್ತದೆ, ಆರುವಾಗ ಮೇಲ್ಮೈ ಹೊಸದಾಗಿ ಹೆಪ್ಪುಗಟ್ಟುತ್ತದೆ. ಹುಲ್ಲಿಲ್ಲ, ಪೊದೆಯಿಲ್ಲ, ಕಲ್ಲಿಲ್ಲ. ಈ ಬಯಲು ಓಟಕ್ಕೆ ಹೇಳಿ ಮಾಡಿಸಿದ್ದು ಎಂದು ಲೋಕಕ್ಕೆ ಸಾರಿದವನು ಸಾಲ್ಟ್ ಲೇಕ್ ಸಿಟಿಯ ಆ್ಯಬ್ ಜೆಂಕಿನ್ಸ್. 1932ರಲ್ಲಿ ಅವನು ಪಿಯರ್ಸ್-ಆ್ಯರೋ ಕಾರಿನಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿಸಿ ಗಂಟೆಗೆ 112 ಮೈಲಿಯ ಸರಾಸರಿ ಕಾಯ್ದುಕೊಂಡಿದ್ದ. ಡೇಟೋನಾದಲ್ಲಿ 300 ಮೈಲಿ ಮುಟ್ಟಲಾಗದೆ 1935ರ ಮಾರ್ಚ್‌ನಲ್ಲಿ 276.82ಕ್ಕೇ ನಿಂತ ಕ್ಯಾಂಬೆಲ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದ.

ಬಂದವನ ಎದುರು 13 ಮೈಲಿ ಉದ್ದದ ಓಟದ ಪಥ ಸಿದ್ಧವಾಗಿತ್ತು. ಲಾರಿಯ ಹಿಂದೆ ಭಾರವಾದ ಉಕ್ಕಿನ ತೊಲೆ ಕಟ್ಟಿ ಎಳೆದು ಉಪ್ಪಿನ ಏಣುಗಳನ್ನು ಸವರಿದ್ದರು. ಆ ಪಥದ ಉದ್ದಕ್ಕೂ ಎಣ್ಣೆಯ ಕಪ್ಪು ಗೆರೆಯೊಂದು ಓಡಿತ್ತು.

ಆ ಗೆರೆ ಏಕೆ ಬೇಕಾಯಿತೆಂಬುದನ್ನು ತುಸು ಬಿಡಿಸಿ ನೋಡಬೇಕು. ಬೇಲಿ ಕಟ್ಟುವಂತಿರಲಿಲ್ಲ, ಏಕೆಂದರೆ ದಾರಿ ತಪ್ಪಿದ ಕಾರಿಗೆ ಬೇಲಿಯೇ ಮೃತ್ಯು. ಬಯಲಿನ ವರವೇ ಅದು, ತಪ್ಪಿದರೆ ಬಡಿಯಲು ಏನೂ ಇಲ್ಲ. ದೂರದ ಬೆಟ್ಟವನ್ನೇ ಗುರಿ ಮಾಡೋಣವೆಂದರೆ, ಬಿಸಿಲೇರಿದಾಗ ಉಪ್ಪಿನ ಮೇಲೆ ಕಾದ ಗಾಳಿ ಬೆಟ್ಟದ ಬುಡವನ್ನು ನುಂಗಿಬಿಡುತ್ತದೆ. ಬಾನ್ನೆವಿಲ್‌ನ ಅಂಚಿನಲ್ಲಿರುವ ಒಂದು ಗುಡ್ಡಕ್ಕೆ ತೇಲುವ ದ್ವೀಪವೆಂದೇ ಹೆಸರು ಬಿದ್ದಿದೆ. ನೆಲಕ್ಕೂ ಅದಕ್ಕೂ ನಡುವೆ ನೀರು ತುಂಬಿದಂತೆ ಕಂಡು ಗುಡ್ಡ ಗಾಳಿಯಲ್ಲಿ ತೇಲುತ್ತದೆ. ಇದಕ್ಕೂ ಮಿಗಿಲಾದ ಅಡ್ಡಿ ಭೂಮಿಯ ಬಾಗು. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಕಣ್ಣಿಟ್ಟು ಕೂತವನಿಗೆ ದಿಗಂತ ಸುಮಾರು ಮೂರೂವರೆ ಕಿ.ಮೀ. ದೂರದಲ್ಲೇ ಮುಗಿದುಹೋಗುತ್ತದೆ. ಬಯಲು ಎಷ್ಟು ಸಮತಟ್ಟಾಗಿದ್ದರೂ ಅಷ್ಟೇ. 21 ಕಿ.ಮೀ. ಉದ್ದದ ಪಥದ ಆಚೆ ತುದಿ ಹೊರಡುವವನ ಕಣ್ಣಿಗೆ ಬೀಳುವುದೇ ಇಲ್ಲ. ಗಂಟೆಗೆ 300 ಮೈಲಿ ಎಂದರೆ ಸೆಕೆಂಡಿಗೆ 134 ಮೀಟರ್. ಕಣ್ಣಿಗೆ ಕಂಡ ಅಷ್ಟೂ ನೆಲ ಇಪ್ಪತ್ತಾರು ಸೆಕೆಂಡಿನಲ್ಲಿ ಗಾಲಿಯಡಿ ಸರಿದುಹೋಗುತ್ತದೆ. ಎಲ್ಲ ಕಡೆಯೂ ಒಂದೇ ಬಿಳುಪು ಹರಡಿರುವಲ್ಲಿ ಕಾರು ಎರಡು ಅಡಿ ಬಲಕ್ಕೆ ಸರಿದಿದೆಯೋ ಇಪ್ಪತ್ತು ಅಡಿ ಸರಿದಿದೆಯೋ ಹೇಳಲು ಕಣ್ಣಿಗೆ ಯಾವ ಆಧಾರವೂ ಇಲ್ಲ. ನೆಲಕ್ಕೆ ಅಂಟಿಕೊಂಡ, ಎಡೆಬಿಡದ, ನೆಲದ ಬಣ್ಣಕ್ಕೆ ತೀರ ವಿರುದ್ಧವಾದ ಒಂದು ಗೆರೆ ಇದ್ದರೆ ಮಾತ್ರ ಕಣ್ಣು ತಾನು ಎಲ್ಲಿದ್ದೇನೆಂದು ಪ್ರತಿ ಕ್ಷಣವೂ ಅರಿಯಬಲ್ಲದು.

ಅದಕ್ಕೇ ಕಪ್ಪು, ಅದಕ್ಕೇ ಎಣ್ಣೆ. ಆ ಗೆರೆ ಎಳೆಯುವುದೂ ಸುಲಭದ ಕೆಲಸವಲ್ಲ. ಎಳೆಯುವವನ ಕಣ್ಣಿಗೂ ಅದೇ ಬಿಸಿಲು, ಅದೇ ಬಿಳುಪು, ಅದೇ ತೇಲುವ ಗುಡ್ಡ. ಅವನು ಡೊಂಕಾಗಿ ಎಳೆದರೆ ಚಾಲಕ ಡೊಂಕನ್ನೇ ನಂಬಿ ಓಡಬೇಕು. ಚಳಿಗಾಲದ ನೀರು ನಿಂತು ಬಯಲು ಹೊಸ ಹೆಪ್ಪು ತಳೆದ ಮೇಲೆ ಹಿಂದಿನ ವರ್ಷದ ಕೆಲಸವೆಲ್ಲ ಹೋದಂತೆಯೇ. ಪ್ರತಿ ಬೇಸಗೆಯಲ್ಲೂ ಅಳತೆಯಿಂದ ಮೊದಲುಗೊಂಡು ಗೆರೆಯವರೆಗೆ ಮತ್ತೆ ಮಾಡಬೇಕು. ಈ ಕೆಲಸಗಾರರ ಹೆಸರುಗಳು ದಾಖಲೆಯ ಪಟ್ಟಿಯಲ್ಲಿಲ್ಲ. ಇರಬೇಕಿತ್ತು.

1935ರ ಸೆಪ್ಟೆಂಬರ್ 3ರ ಬೆಳಿಗ್ಗೆ ಕ್ಯಾಂಬೆಲ್ ಆ ಗೆರೆಯ ಮೇಲೆ ಕಣ್ಣು ನೆಟ್ಟು ಹೊರಟ. ಹೋಗುವಾಗ 304 ಮೈಲಿಗೂ ಮಿಗಿಲಾದ ವೇಗ ಸಿಕ್ಕಿತು, ಆದರೆ ಓಟದ ಕೊನೆಯಲ್ಲಿ ಮುಂದಿನ ಟೈರೊಂದು ಒಡೆದು ಹೊತ್ತಿಕೊಂಡಿತು. ಒಂದು ಗಂಟೆಯೊಳಗೆ ಮರಳಿ ಓಡಿದರೆ ಮಾತ್ರ ದಾಖಲೆ ಮಾನ್ಯ. ಟೈರು ಬದಲಿಸಿ ಮರಳಿ ಓಡಿದ. ಮೊದಲು ಕೊಟ್ಟ ಲೆಕ್ಕದಲ್ಲಿ ಸರಾಸರಿ 300ಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಅಧಿಕಾರಿಗಳು ಕೆಲವು ಗಂಟೆಗಳ ಬಳಿಕ ತಪ್ಪು ತಿದ್ದಿ 301.129 ಎಂದು ಸಾರಿದರು. ಐವತ್ತು ವರ್ಷದ ಕ್ಯಾಂಬೆಲ್ ನೆಲದ ವೇಗದಾಖಲೆಯ ಆಟದಿಂದ ಅಲ್ಲಿಗೆ ನಿವೃತ್ತನಾದ. ಡೇಟೋನಾದ ಕಾಲವೂ ಅಂದಿಗೆ ಮುಗಿಯಿತು. ದಾಖಲೆಯ ಓಟಗಳೆಲ್ಲ ಉಪ್ಪಿನ ಬಯಲಿಗೆ ತಿರುಗಿದವು.

ಆ ಬಿಳುಪು ಮನುಷ್ಯನ ಕಣ್ಣನ್ನಷ್ಟೇ ಕಾಡಲಿಲ್ಲ, ಯಂತ್ರದ ಕಣ್ಣನ್ನೂ ಕಾಡಿತು. 1938ರ ಆಗಸ್ಟ್ 24ರಂದು ಜಾರ್ಜ್ ಐಸ್ಟನ್ ತನ್ನ ಥಂಡರ್‌ಬೋಲ್ಟ್ ಕಾರನ್ನು ಬಾನ್ನೆವಿಲ್‌ನಲ್ಲಿ ಓಡಿಸಿದ. ಎರಡು ರೋಲ್ಸ್-ರಾಯ್ಸ್ ವಿಮಾನದ ಎಂಜಿನ್ನುಗಳನ್ನು ಹೊತ್ತ, ಎಂಟು ಗಾಲಿಯ, ಏಳು ಟನ್ನಿನ ದೈತ್ಯ ಅದು. ಪಥಕ್ಕೆ ಅಡ್ಡಲಾಗಿ ಬೆಳಕಿನ ಕಿರಣ ಹಾಯಿಸಿ, ಕಾರು ಅದನ್ನು ತಡೆದ ಕ್ಷಣವನ್ನು ಗುರುತಿಸುವ ವಿದ್ಯುತ್ ಸಾಧನದಿಂದ ಕಾಲ ಅಳೆಯುತ್ತಿದ್ದರು. ಉಜ್ಜಿ ಹೊಳಪಿಟ್ಟ ಅಲ್ಯೂಮಿನಿಯಂ ಮೈಯ ಕಾರು ಹೊಳೆಯುವ ಉಪ್ಪಿನ ಹಿನ್ನೆಲೆಯಲ್ಲಿ ಹಾದಾಗ ಆ ಸಾಧನಕ್ಕೆ ಕಾರು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಒಂದು ದಿಕ್ಕಿನ ಓಟ ಲೆಕ್ಕಕ್ಕೇ ಸಿಗಲಿಲ್ಲ. ಐಸ್ಟನ್ ಕಾರಿನ ಮಗ್ಗುಲುಗಳಿಗೆ ದೊಡ್ಡದೊಂದು ಕಪ್ಪು ಬಾಣ ಬಳಿಸಿದ, ಬಾಣದ ನಡುವೆ ಹಳದಿ ವೃತ್ತ. ಮೂರು ದಿನ ಬಿಟ್ಟು ಆಗಸ್ಟ್ 27ರಂದು ಮತ್ತೆ ಓಡಿದಾಗ ಸಾಧನ ತಪ್ಪದೆ ನೋಡಿತು: 345.50 ಮೈಲಿ. ನೆಲದ ಮೇಲೆ ಚಾಲಕನಿಗಾಗಿ ಕಪ್ಪು ಗೆರೆ ಎಳೆದಂತೆಯೇ ಕಾರಿನ ಮೇಲೆ ಯಂತ್ರಕ್ಕಾಗಿ ಕಪ್ಪು ಬಳಿದ ಈ ಪ್ರಸಂಗಕ್ಕೆ ಚರಿತ್ರೆಯಲ್ಲಿ ಸಿಕ್ಕಿರುವ ಜಾಗ ಸಾಲದು ಎಂದು ನನಗೆ ಅನಿಸುತ್ತದೆ.

ಆ ಬೇಸಗೆಯಲ್ಲಿ ಐಸ್ಟನ್‌ಗೆ ಎದುರಾಳಿಯಾಗಿ ಬಂದವನು ಲಂಡನ್ನಿನ ತುಪ್ಪುಳುದೊಗಲಿನ ವ್ಯಾಪಾರಿ ಜಾನ್ ಕಾಬ್, ಮಿತಭಾಷಿ, ಭಾರಿ ಮೈಕಟ್ಟಿನವನು. ಅವನ ರೇಲ್ಟನ್ ಕಾರನ್ನು ವಿನ್ಯಾಸ ಮಾಡಿದ ರೀಡ್ ರೇಲ್ಟನ್ ಚಾಲಕನನ್ನು ಕಾರಿನ ತೀರ ಮುಂಭಾಗದಲ್ಲಿ, ಮುಂಗಾಲಿಗಳಿಗಿಂತಲೂ ಮುಂದೆ ಕೂರಿಸಿದ್ದ. ಕಣ್ಣಿಗೂ ಗೆರೆಗೂ ನಡುವೆ ಎಂಜಿನ್ನಿಲ್ಲ, ಹೊಗೆಯಿಲ್ಲ, ಬಾನೆಟ್ಟಿಲ್ಲ. ಸೆಪ್ಟೆಂಬರ್ 15ರಂದು ಕಾಬ್ 350.20 ಓಡಿದ. ಮರುದಿನವೇ ಐಸ್ಟನ್ 357.50ಕ್ಕೆ ಏರಿಸಿ ದಾಖಲೆ ಕಿತ್ತುಕೊಂಡ. ಮುಂದಿನ ವರ್ಷದ ಆಗಸ್ಟ್ 23ರಂದು ಕಾಬ್ 369.70 ತಲುಪಿದ ಕೆಲವೇ ದಿನಗಳಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಯುದ್ಧ ಮುಗಿದ ಮೇಲೆ ಅದೇ ಕಾರನ್ನು ಅದೇ ಬಯಲಿಗೆ ಮರಳಿ ತಂದು 1947ರ ಸೆಪ್ಟೆಂಬರ್ 16ರಂದು ಒಂದು ದಿಕ್ಕಿನಲ್ಲಿ 403 ಮೈಲಿ ದಾಟಿದ; ಎರಡೂ ದಿಕ್ಕಿನ ಸರಾಸರಿ 394.19. ಗಾಲಿಗಳಿಗೆ ಶಕ್ತಿ ಹಾಯಿಸಿ ಓಡಿಸಿದ ಆ ಕಾರಿನ ದಾಖಲೆ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಇತ್ತ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟಿ ಮ್ಯೂರಾಕ್ ಮುಂತಾದ ಒಣ ಕೆರೆಗಳ ಮೇಲೆ ಓಡಿಸುತ್ತಿದ್ದವರು 1949ರಲ್ಲಿ ಬಾನ್ನೆವಿಲ್‌ಗೆ ಬಂದು ಸ್ಪೀಡ್ ವೀಕ್ ಆರಂಭಿಸಿದರು. ಸಿರಿವಂತರ ಆಟವಾಗಿದ್ದ ಕಪ್ಪು ಗೆರೆ ಆಗ ಸಾಮಾನ್ಯ ಕೈಕಸುಬಿನವರಿಗೂ ದಕ್ಕಿತು. ಗೆರೆಯ ಜತೆಗೆ ಪಥದ ಬದಿಯಲ್ಲಿ ಮೈಲಿಯ ಸಂಖ್ಯೆ ಬರೆದ ಫಲಕಗಳು ನಿಂತವು. ತಾನು ಎಲ್ಲಿದ್ದೇನೆ ಎಂಬುದಕ್ಕೆ ಗೆರೆ ಉತ್ತರ ಕೊಟ್ಟರೆ, ಎಷ್ಟು ದೂರ ಬಂದೆ, ಅಳತೆಯ ಮೈಲಿ ಮುಗಿಯಿತೆ, ಪ್ಯಾರಾಚೂಟ್ ಬಿಡುವ ಹೊತ್ತಾಯಿತೆ ಎಂಬುದಕ್ಕೆ ಫಲಕ ಉತ್ತರ ಕೊಡಬೇಕು. ಫಲಕ ಹತ್ತಿರವಿದ್ದರೆ ಕಾರಿಗೆ ಅಪಾಯ, ದೂರವಿದ್ದರೆ ಅಂಕಿ ಕಾಣದು. ಈ ಎರಡರ ನಡುವಿನ ಹದವನ್ನು ಹಿಡಿಯುವುದೇ ಪಥ ಸಿದ್ಧಪಡಿಸುವವರ ಕಸುಬು.

ಅದರ ಬೆಲೆ ಏನೆಂದು ಬಲ್ಲವನು ಬರ್ಟ್ ಮನ್ರೋ. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಈ ಮುದುಕ 1920ರ ಇಂಡಿಯನ್ ಸ್ಕೌಟ್ ಬೈಕನ್ನು ದಶಕಗಳ ಕಾಲ ತಿದ್ದಿ ತೀಡಿ, 1967ರಲ್ಲಿ ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಬಾನ್ನೆವಿಲ್‌ನಲ್ಲಿ 183 ಮೈಲಿಗೂ ಮಿಗಿಲಾದ ವೇಗದ ದಾಖಲೆ ಬರೆದ. ಆ ವರ್ಷದ ಒಂದು ಓಟದ ನಡುವೆ ಬೈಕು ಓಲಾಡತೊಡಗಿತು. ವೇಗ ತಗ್ಗಿಸಲೆಂದು ಮೈ ಎತ್ತಿ ಕೂತಾಗ ಗಾಳಿ ಅವನ ಕನ್ನಡಕವನ್ನು ಕಿತ್ತೊಯ್ದು, ಹೊಡೆತಕ್ಕೆ ಕಣ್ಣು ಕಾಣದಾಯಿತು. ಕಪ್ಪು ಗೆರೆಯಿಂದ ಬಹುದೂರ ಸರಿದ ಬೈಕು ಪಥದ ಬದಿಯ ಉಕ್ಕಿನ ಗುರುತುಗೂಟವೊಂದನ್ನು ಕೆಲವೇ ಅಂಗುಲದಲ್ಲಿ ತಪ್ಪಿಸಿಕೊಂಡಿತು. ಕಡೆಗೆ ಅವನೇ ಬೈಕನ್ನು ಮಗ್ಗುಲಿಗೆ ಕೆಡವಿ, ತರಚು ಗಾಯಗಳೊಂದಿಗೆ ಉಳಿದ. ದಾರಿ ತೋರಲು ನೆಟ್ಟ ಗೂಟವೇ ದಾರಿ ತಪ್ಪಿದವನಿಗೆ ಯಮನಾಗಬಹುದೆಂಬ ಪಾಠ ಈ ಪ್ರಸಂಗದಲ್ಲಿತ್ತು. ನೆಲಕ್ಕೆ ಹಚ್ಚಿದ ಗೆರೆಗೆ ಆ ದೋಷವಿಲ್ಲ.

ಜೆಟ್ ಎಂಜಿನ್ನುಗಳು ಬಂದ ಮೇಲೆ ವೇಗ ನಾಗಾಲೋಟದಲ್ಲಿ ಏರಿತು. ಮಾಲ್ಕಂನ ಮಗ ಡೊನಾಲ್ಡ್ ಕ್ಯಾಂಬೆಲ್ 1960ರ ಸೆಪ್ಟೆಂಬರಿನಲ್ಲಿ ಬಾನ್ನೆವಿಲ್‌ನಲ್ಲಿ 300 ಮೈಲಿಗೂ ಮಿಗಿಲಾದ ವೇಗದಲ್ಲಿ ಗೆರೆ ಬಿಟ್ಟು ಹೊರಳಿ, ತಲೆಬುರುಡೆ ಬಿರಿದೂ ಬದುಕಿದ. ನಾಲ್ಕು ವರ್ಷದ ಬಳಿಕ ಆಸ್ಟ್ರೇಲಿಯದ ಲೇಕ್ ಐರ್‌ನಲ್ಲಿ 403.10 ಓಡಿ ಮಾತು ಉಳಿಸಿಕೊಂಡ. ಬಾನ್ನೆವಿಲ್‌ನಲ್ಲಿ 1964ರ ಅಕ್ಟೋಬರ್ 15ರಂದು ಕ್ರೇಗ್ ಬ್ರೀಡ್‌ಲವ್ 526 ಮೈಲಿಯ ದಾಖಲೆ ಮಾಡಿದ ಮರುಕ್ಷಣ ಪ್ಯಾರಾಚೂಟುಗಳು ಕಿತ್ತುಹೋಗಿ, ಪಥ ಮುಗಿದರೂ ಕಾರು ನಿಲ್ಲದೆ, ಟೆಲಿಫೋನ್ ಕಂಬ ಮುರಿದು ಉಪ್ಪುನೀರಿನ ಹೊಂಡಕ್ಕೆ ಬಿತ್ತು. ಅವನು ಈಜಿ ದಡ ಸೇರಿದ. 1970ರಲ್ಲಿ ಗ್ಯಾರಿ ಗ್ಯಾಬೆಲಿಚ್ ಬ್ಲೂ ಫ್ಲೇಮ್ ರಾಕೆಟ್ ಕಾರಿನಲ್ಲಿ 622 ಮೈಲಿ ಮುಟ್ಟಿದ್ದೇ ಬಾನ್ನೆವಿಲ್‌ನ ಕೊನೆಯ ಪರಮ ದಾಖಲೆ.

1981ರಲ್ಲಿ ಥ್ರಸ್ಟ್-2 ಕಾರಿನೊಡನೆ ಬಾನ್ನೆವಿಲ್‌ಗೆ ಬಂದ ರಿಚರ್ಡ್ ನೋಬಲ್‌ನನ್ನು ಮಳೆ ಹಿಮ್ಮೆಟ್ಟಿಸಿತು. ಅವನು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ಹೋದ. ಅಲ್ಲಿಯದು ಉಪ್ಪಲ್ಲ, ಒಣಗಿ ಹೆಪ್ಪಾದ ಜೇಡಿ. ಟೈರಿಲ್ಲದ ಗಟ್ಟಿ ಅಲ್ಯೂಮಿನಿಯಂ ಗಾಲಿಗಳು ಪ್ರತಿ ಓಟದಲ್ಲೂ ಆ ಹೆಪ್ಪನ್ನು ಸೀಳುತ್ತಿದ್ದವು, ಒಮ್ಮೆ ಓಡಿದ ಜಾಡಿನಲ್ಲಿ ಮತ್ತೆ ಓಡುವಂತಿಲ್ಲ. ಆದ್ದರಿಂದ ಒಂದೇ ಗೆರೆ ಸಾಲದೆ ಅಕ್ಕಪಕ್ಕದಲ್ಲಿ ಹಲವು ಪಥಗಳನ್ನು ಗುರುತಿಸಬೇಕಾಯಿತು. ಓಟಕ್ಕೆ ಮುನ್ನ ಜನ ಸಾಲಾಗಿ ಮೈಲಿಗಟ್ಟಲೆ ನಡೆದು ಕಲ್ಲು, ಮೊಳೆ, ತಂತಿಚೂರುಗಳನ್ನು ಆರಿಸಿದರು. 1983ರ ಅಕ್ಟೋಬರ್ 4ರಂದು ನೋಬಲ್ 633.468 ಓಡಿದ. ಹದಿನಾಲ್ಕು ವರ್ಷದ ಬಳಿಕ ಅದೇ ನೆಲದಲ್ಲಿ, 1997ರ ಅಕ್ಟೋಬರ್ 15ರಂದು, ಅವನದೇ ತಂಡದ ಥ್ರಸ್ಟ್ ಎಸ್‌ಎಸ್‌ಸಿ ಕಾರಿನಲ್ಲಿ ವಾಯುಪಡೆಯ ಪೈಲಟ್ ಆ್ಯಂಡಿ ಗ್ರೀನ್ 763.035 ಮೈಲಿ ವೇಗದಲ್ಲಿ ಶಬ್ದದ ಗಡಿ ದಾಟಿದ. ಸೆಕೆಂಡಿಗೆ 341 ಮೀಟರ್. ಕಣ್ಣಿಗೆ ಕಾಣುವ ದಿಗಂತ ಹತ್ತೇ ಸೆಕೆಂಡಿನ ದೂರ. ದಿಕ್ಕು ಬದಲಿಸಲು ಆ ಕಾರಿನ ಹಿಂಗಾಲಿಗಳು ತಿರುಗುತ್ತಿದ್ದವು, ಮುಂಗಾಲಿಗಳಲ್ಲ. ಶಬ್ದದ ವೇಗ ಸಮೀಪಿಸಿದಂತೆ ಕಾರು ಗೆರೆ ಬಿಟ್ಟು ಮಗ್ಗುಲಿಗೆ ಎಳೆಯುತ್ತಿತ್ತು. ಗ್ರೀನ್ ಸ್ಟಿಯರಿಂಗನ್ನು ಕಾಲುಸುತ್ತಿನಷ್ಟು ತಿರುಗಿಸಿ ಅದನ್ನು ಮರಳಿ ತರಬೇಕಾಗುತ್ತಿತ್ತು. ಎಷ್ಟು ತಿರುಗಿಸಬೇಕೆಂದು ಅವನಿಗೆ ಹೇಳಿದ್ದು ನೆಲದ ಮೇಲಿನ ಗುರುತು. ಲೆಕ್ಕಯಂತ್ರಗಳು ತುಂಬಿದ ಕಾರಿನಲ್ಲೂ ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇರಲಿಲ್ಲ.

ಬಾನ್ನೆವಿಲ್‌ನಲ್ಲಿ ಈಗ ಗೆರೆ ಎಳೆಯಲು ನೆಲವೇ ಕಡಿಮೆಯಾಗುತ್ತಿದೆ. ಪೊಟ್ಯಾಷ್ ತೆಗೆಯುವ ಉದ್ಯಮ ಅಲ್ಲಿಯ ಉಪ್ಪುನೀರನ್ನು ದಶಕಗಳಿಂದ ಎಳೆದುಕೊಂಡಿದೆ. ಉಪ್ಪು ತೆಳುವಾಗಲು ಯಾವ ಕಾರಣಕ್ಕೆ ಎಷ್ಟು ಪಾಲು ಎಂಬ ವಾದ ಇನ್ನೂ ನಡೆದಿದೆ. 2014 ಮತ್ತು 2015ರಲ್ಲಿ ಸ್ಪೀಡ್ ವೀಕ್ ನಡೆಯಲೇ ಇಲ್ಲ. ಮಾಲ್ಕಂ ಕ್ಯಾಂಬೆಲ್ ಓಡಿದಷ್ಟು ಉದ್ದದ ಗಟ್ಟಿ ಉಪ್ಪು ಇಂದು ಓಟಗಾರರಿಗೆ ಸಿಗುತ್ತಿಲ್ಲ. ಲೋಕದಲ್ಲಿ ಬೆರಳೆಣಿಕೆಯಷ್ಟೇ ಇರುವ ಇಂಥ ನೆಲವನ್ನು ಹೀಗೆ ಸವೆಯಲು ಬಿಟ್ಟದ್ದು ನೋವಿನ ಸಂಗತಿ.

ಇತ್ತ ಬ್ಲಡ್‌ಹೌಂಡ್ ಎಂಬ ಹೊಸ ಕಾರಿನ ತಂಡ ಮತ್ತೆ ದಕ್ಷಿಣ ಆಫ್ರಿಕದ ಕಡೆ ನೋಡಿತು, 1929ರಲ್ಲಿ ಮಾಲ್ಕಂ ಕ್ಯಾಂಬೆಲ್ ಹೋಗಿದ್ದ ಉತ್ತರ ಕೇಪ್ ಸೀಮೆಯ ಕಡೆಗೇ. ಹಾಕ್ಸ್‌ಕೀನ್ ಪಾನ್ ಎಂಬ ಒಣ ಕೆರೆಯಂಗಳದಲ್ಲಿ ಮಿಯರ್ ಸಮುದಾಯದ 300ಕ್ಕೂ ಹೆಚ್ಚು ಗಂಡಸರು, ಹೆಂಗಸರು ಬಾಗಿ ನಿಂತು, ಬರಿಗೈಯಲ್ಲಿ 16,000 ಟನ್ನಿನಷ್ಟು ಕಲ್ಲು ಆರಿಸಿದರು. ಯಂತ್ರ ಹಾಯಿಸಿದರೆ ನೆಲದ ಹೆಪ್ಪು ಒಡೆಯುತ್ತದೆ, ಆದ್ದರಿಂದ ಕೈಯೇ ಬೇಕಿತ್ತು. ಅವರು ಹಸನು ಮಾಡಿದ 19 ಕಿ.ಮೀ. ಉದ್ದದ ಅಂಗಳದ ಮೇಲೆ ಪಥಗಳನ್ನು ಗುರುತಿಸಿದ ಬಳಿಕ, 2019ರ ನವೆಂಬರ್ 16ರಂದು ಆ್ಯಂಡಿ ಗ್ರೀನ್ 628 ಮೈಲಿ ವೇಗ ಮುಟ್ಟಿದ. 1997ರ ದಾಖಲೆ ಇನ್ನೂ ಮುರಿದಿಲ್ಲ. ಅದನ್ನು ಮುರಿಯಲು ಯಾರು ಹೊರಟರೂ ಮೊದಲು ನೆಲಕ್ಕಿಳಿಯಬೇಕಾದವರು ಕಲ್ಲು ಆರಿಸುವವರು ಮತ್ತು ಗೆರೆ ಎಳೆಯುವವರು.